ಚಿಕ್ಕ ಲಿವರಿಗೆ ಕಟ್ಟಿದ್ದ ಗಂಟು

ಕೊರೋನಾ ಕಾಲ ಮುಗಿದು ಜನ ಮಾಸ್ಕು ಮರೆತಿದ್ದ ವರ್ಷ. ನಾನಾಗ ಮಧುಗಿರಿಯಲ್ಲಿ, ಪಾವಗಡಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಸ್ವಂತ ಗ್ಯಾರೇಜು ನಡೆಸುತ್ತಿದ್ದೆ. ಅದಕ್ಕೂ ಮುಂಚೆ ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ವಿಭಾಗದಲ್ಲಿ ಬಹಳ ವರ್ಷ ದುಡಿದಿದ್ದೆ. ಹಾಗಾಗಿ ಶಿರಾ, ಕೊರಟಗೆರೆ, ಪಾವಗಡ, ಯಾವ ತಾಲ್ಲೂಕಿನಲ್ಲಿ ಕ್ಲಚ್ ಪೆಡಲ್ ಇಲ್ಲದ ಗಾಡಿ ಕೆಟ್ಟರೂ ಕೊನೆಗೆ ನನ್ನ ಶೆಡ್ಡಿಗೆ ಬರುತ್ತಿತ್ತು. ನನ್ನ ಸಿಟ್ಟೆಲ್ಲ ಈ ‘ಕೊನೆಗೆ’ ಎಂಬುದರ ಮೇಲೆಯೇ. ಎಲ್ಲೆಲ್ಲೋ ಬಿಚ್ಚಿಸಿ, ಅರ್ಧ ಬೋಲ್ಟು ಕಳೆದುಕೊಂಡು, ಆಮೇಲೆ ನನ್ನೆದುರು ನಿಂತು ‘ಗೇರ್‌ಬಾಕ್ಸ್ ಹೋಯ್ತಂತೆ ಅಣ್ಣ’ ಅನ್ನುವರು. ಯಾರು ಹೇಳಿದರು, ಏನು ನೋಡಿ ಹೇಳಿದರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುವರು. ನಾನು ರೇಗುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಶಿರಾದ ರಫೀಕ್, ನನಗಿಂತ ವಯಸ್ಸಿನಲ್ಲಿ ಚಿಕ್ಕವನು, ‘ಗಾಡಿ ಆಯಿಲ್ ಆಮೇಲೆ ನೋಡೋಣ, ಮೊದ್ಲು ನಿಮ್ ಬಿಪಿ ನೋಡ್ಕೊಳ್ಳಿ ಭಾಯ್’ ಎಂದು ನಗುತ್ತಿದ್ದ.

ಆ ದಿನ ಬೆಳಗ್ಗೆ ಒಂದು ಟ್ರ್ಯಾಕ್ಟರು ಹಳೆಯ ಬಿಳಿ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಅದನ್ನು ಕಂಡ ಕೂಡಲೇ ನನ್ನ ತಲೆ ಕೆಟ್ಟಿತು. ಆಟೋಮ್ಯಾಟಿಕ್ ಗಾಡಿಯನ್ನು ಚಕ್ರ ನೆಲಕ್ಕೆ ತಾಗಿಸಿ ದೂರ ಎಳೆಯಬಾರದು. ಎಂಜಿನ್ ಆಫ್ ಇದ್ದಾಗ ಗೇರ್‌ಬಾಕ್ಸಿನ ಒಳಗೆ ಎಣ್ಣೆ ಹರಿಯುವುದಿಲ್ಲ. ಚಕ್ರಗಳು ಮಾತ್ರ ಒಳಗಿನ ಭಾಗಗಳನ್ನು ತಿರುಗಿಸುತ್ತಲೇ ಇರುತ್ತವೆ, ಒಣಗಿದ್ದು ಒಣಗಿದ್ದಕ್ಕೆ ಉಜ್ಜಿ ಸುಟ್ಟುಹೋಗುತ್ತದೆ. ‘ಚೆನ್ನಾಗಿದ್ದಿದ್ರೂ ಇವತ್ತು ಕೊಂದು ತಂದಿದೀರಲ್ಲಪ್ಪ’ ಎಂದು ಬೈಯುತ್ತಲೇ ಎದ್ದು ಹೋದೆ.

ಸ್ಟೇರಿಂಗ್ ಹಿಡಿದು ಕೂತಿದ್ದವನು ಇಳಿದ. ಮೂವತ್ತೈದು ದಾಟಿರಬಹುದು. ಗಡ್ಡ ಬಂದಿತ್ತು, ಕಣ್ಣುಗಳು ಕೆಂಪಾಗಿದ್ದವು, ಎಡಗಾಲು ಎಳೆದು ಹಾಕುತ್ತಿದ್ದ. ‘ನಮ್ಮಪ್ಪ ಓಗ್ಬುಟ್ರು ಅಣ್ಣ. ನೆನ್ನೆ ಹಾಲು ತುಪ್ಪ ಬುಟ್ವಿ’ ಎಂದ. ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಕೂರಿಸಿ ಟೀ ತರಿಸಿದೆ.

ಅವನ ಹೆಸರು ತಿಪ್ಪೇಶ. ದೊಡ್ಡೇರಿ ಕಡೆಯ ಹಳ್ಳಿಯವನು, ಕುರಿ ಸಾಕುವ ಮನೆತನ. ಅವನ ತಂದೆ ಈರಣ್ಣ ಗುಡ್ಡದ ತಪ್ಪಲಿನಲ್ಲಿ ರೊಪ್ಪ, ಅಂದರೆ ಕುರಿದೊಡ್ಡಿ, ಹಾಕಿಕೊಂಡು ಕುರಿ ಮೇಯಿಸುತ್ತಿದ್ದರು, ಇವನು ಶಿರಾ ಸಂತೆಯಲ್ಲಿ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಬೈಕ್ ಅಪಘಾತದಲ್ಲಿ ಎಡಗಾಲಿನ ಶಕ್ತಿ ಹೋದ ಮೇಲೆ ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಅದಕ್ಕೇ ಹುಡುಕಾಡಿ ಈ ಹಳೇ ಆಟೋಮ್ಯಾಟಿಕ್ ಗಾಡಿ ತಂದಿದ್ದ. ನಾಲ್ಕು ಚಕ್ರಕ್ಕೂ ಬಲ ಸಿಗುವುದರಿಂದ ಕಲ್ಲು ದಾರಿಯಲ್ಲಿ ರೊಪ್ಪದ ತನಕ ಹೋಗುತ್ತಿತ್ತು. ಆ ಗಾಡಿಯೇ ಅವನ ಕಾಲು ಅಂದರೂ ಸರಿ.

ನಡೆದದ್ದು ಇಷ್ಟು. ಬೆಳಗ್ಗೆ ರೊಪ್ಪದ ಸುತ್ತಲಿನ ಬಲೆ ಬಿಚ್ಚುವಾಗ ಈರಣ್ಣನಿಗೆ ಹಾವು ಕಚ್ಚಿತು. ತಿಪ್ಪೇಶನೂ ಅವನ ತಾಯಿಯೂ ಅಲ್ಲೇ ಇದ್ದರು. ತಾಯಿಯನ್ನು ಕುರಿಗಳ ಹತ್ತಿರ ಬಿಟ್ಟು ಅವನು ಅಪ್ಪನನ್ನು ಮುಂದಿನ ಸೀಟಿನಲ್ಲಿ ಒರಗಿಸಿಕೊಂಡು ಮಧುಗಿರಿಯ ಆಸ್ಪತ್ರೆಗೆ ಹೊರಟ. ಮಣ್ಣು ದಾರಿ ಮುಗಿದು ಡಾಂಬರಿಗೆ ಸೇರುವ ಏರಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಟ್ಟಿತು. ಎಂಜಿನ್ ಓಡುತ್ತಿತ್ತು, ಆಕ್ಸಿಲರೇಟರ್ ತುಳಿದರೆ ಅರಚುತ್ತಿತ್ತು, ಗಾಡಿ ಮಾತ್ರ ಮುಂದಕ್ಕೂ ಇಲ್ಲ, ರಿವರ್ಸೂ ಇಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಇವನು ಎಡಗಾಲು ಎಳೆಯುತ್ತ ಡಾಂಬರಿನ ತನಕ ಹೋಗಿ ನಿಂತು, ಬಂದ ಗೂಡ್ಸ್ ಆಟೋ ಒಂದನ್ನು ತಡೆದು ಅಪ್ಪನನ್ನು ಸಾಗಿಸಿದ. ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಜೀವ ಇರಲಿಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ಔಷಧಿ ಕೊಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಯಾಕೆ ಹಾಗೆ ಹೇಳುತ್ತಾರೋ ನನಗಂತೂ ತಿಳಿಯದು.

‘ಊರಾಗೆ ಟ್ರ್ಯಾಕ್ಟರ್ ಮೆಕ್ಯಾನಿಕ್ಕು ನೋಡಿ ಗೇರ್‌ಬಾಕ್ಸ್ ಸುಟ್ಟೋಗೈತೆ ಅಂದ. ನಮ್ಮ ಚಿಕ್ಕಪ್ಪ ಎಲ್ರ ಮುಂದ್ಲೂ, ಗುಜರಿ ಗಾಡಿ ತಂದು ನಮ್ಮಣ್ಣನ್ನ ತಿಂದ್ಬುಟ್ಟ ಅಂದ್ರು’ ಎಂದ ತಿಪ್ಪೇಶ. ಟೀ ಲೋಟ ಕೈಯಲ್ಲೇ ಇತ್ತು, ಕುಡಿದಿರಲಿಲ್ಲ. ‘ರಿಪೇರಿ ಮಾಡ್ದಿದ್ರೂ ಬುಡಿ ಅಣ್ಣ. ಯಾಕೆ ನಿಂತೋಯ್ತು, ಅದೊಂದು ಯೋಳಿ. ನನ್ ತಪ್ಪೇ ಆಗಿದ್ರೆ ತಪ್ಪು ಅಂತ್ಲೇ ಯೋಳ್ಬುಡಿ.’

ಇಂಥ ಗಿರಾಕಿ ನನಗೆ ಅದುವರೆಗೆ ಬಂದಿರಲಿಲ್ಲ. ಎಲ್ಲರೂ ತಮ್ಮ ತಪ್ಪಿಲ್ಲ ಎಂದು ಹೇಳಿಸಿಕೊಳ್ಳಲು ಬರುತ್ತಾರೆ.

ಕೆಲಸಕ್ಕೆ ಕೈಹಾಕುವ ಮುಂಚೆ ಅವನನ್ನು ಕೂರಿಸಿಕೊಂಡು ಏನೇನು ಆಯಿತು, ಒಂದೊಂದಾಗಿ ಹೇಳು ಎಂದೆ. ಗಾಡಿ ನಿಲ್ಲುವಾಗ ಶಬ್ದ ಬಂತೇ, ಸುಟ್ಟ ವಾಸನೆ ಇತ್ತೇ, ಅದಕ್ಕೂ ಮುಂಚೆ ಗೇರ್ ಬದಲಾಗುವಾಗ ಜಗ್ಗುತ್ತಿತ್ತೇ. ಯಾವುದೂ ಇರಲಿಲ್ಲ. ‘ದೀಪ ಆರ್ದಂಗೆ ನಿಂತೋಯ್ತು. ಪಿ ಗೆ ಹಾಕಿ ಇಳಿದ್ರೆ ಹಿಂದಕ್ಕೆ ಜಾರೋಕೆ ಸುರು ಮಾಡ್ತು, ಓಡೋಗಿ ಚಕ್ರಕ್ಕೆ ಕಲ್ಲು ಕೊಟ್ಟೆ’ ಎಂದ.

ನಾನು ಆ ಮಾತನ್ನು ಇನ್ನೊಮ್ಮೆ ಹೇಳಿಸಿದೆ. ಓದುವವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಆಟೋಮ್ಯಾಟಿಕ್ ಗಾಡಿಯಲ್ಲಿ ದೊಡ್ಡ ಲಿವರನ್ನು ‘ಪಿ’ಗೆ, ಅಂದರೆ ಪಾರ್ಕಿಂಗಿಗೆ ತಂದರೆ ಗೇರ್‌ಬಾಕ್ಸಿನ ಒಳಗೊಂದು ಕೊಂಡಿ ಬಿದ್ದು ಅದರ ಹೊರದಂಡ ತಿರುಗದಂತೆ ಹಿಡಿಯುತ್ತದೆ. ಗಾಡಿ ಅಲ್ಲಾಡಬಾರದು. ಆದರೆ ಇಂಥ ಫೋರ್ ವೀಲ್ ಗಾಡಿಗಳಲ್ಲಿ ಗೇರ್‌ಬಾಕ್ಸಿಗೂ ಚಕ್ರಗಳಿಗೂ ನಡುವೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಬಲ ಹಂಚುವುದು ಅದು. ಅದಕ್ಕೇ ಒಂದು ಪ್ರತ್ಯೇಕ ಚಿಕ್ಕ ಲಿವರು, ಎರಡು ಸೀಟುಗಳ ನಡುವೆ, ದೊಡ್ಡದರ ಪಕ್ಕದಲ್ಲಿ. ಮುಂದಕ್ಕೆ ತಳ್ಳಿದರೆ ಮಾಮೂಲಿ ಓಟ, ಪೂರ್ತಿ ಹಿಂದಕ್ಕೆಳೆದರೆ ಕೆಸರಿಗೂ ಕಡಿದಾದ ಏರಿಗೂ ಬೇಕಾದ ನಿಧಾನದ ಓಟ, ನಡುವೆ ನಿಂತರೆ ನ್ಯೂಟ್ರಲ್. ಆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧವೇ ತಪ್ಪಿಹೋಗುತ್ತದೆ. ಎಂಜಿನ್ ಎಷ್ಟು ಅರಚಿದರೂ ಗಾಡಿ ಹೋಗದು, ಪಿ ಗೆ ಹಾಕಿದರೂ ನಿಲ್ಲದು.

ಆದ್ದರಿಂದ ಪಿ ಗೆ ಹಾಕಿದ ಗಾಡಿ ಜಾರಿತು ಅಂದರೆ ದೋಷ ಗೇರ್‌ಬಾಕ್ಸಿನಲ್ಲಿ ಇರುವ ಸಾಧ್ಯತೆ ಕಡಿಮೆ, ಅದರ ಆಚೆಗೇ ಹುಡುಕಬೇಕು. ನಾನೂ ರಫೀಕೂ ಹ್ಯಾಂಡ್‌ಬ್ರೇಕ್ ಇಳಿಸಿ, ಪಿ ಗೆ ಹಾಕಿ ತಳ್ಳಿ ನೋಡಿದೆವು. ಸಲೀಸಾಗಿ ಉರುಳಿತು. ಗೇರ್‌ಬಾಕ್ಸಿನ ಎಣ್ಣೆ ಕಡ್ಡಿ ಎಳೆದು ನೋಡಿದರೆ ಕೆಂಪಗೆ ತಿಳಿಯಾಗಿತ್ತು, ಸುಟ್ಟ ವಾಸನೆ ಇಲ್ಲ. ಅಷ್ಟು ದೂರ ಟ್ರ್ಯಾಕ್ಟರಿನಿಂದ ಎಳೆದುಕೊಂಡು ಬಂದರೂ ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನೂ ಇಳಿಸಿದೆ. ಒಳಗಿನ ಚೈನು ಕಿತ್ತಿದ್ದರೆ ಕಬ್ಬಿಣದ ಚೂರು ಬರಬೇಕು. ಅದೂ ಇರಲಿಲ್ಲ, ಅದೇ ಎಣ್ಣೆಯನ್ನು ವಾಪಸ್ ತುಂಬಿದೆ. ಉಳಿದದ್ದು ಚಿಕ್ಕ ಲಿವರು.

ಆದರೆ ಚಿಕ್ಕ ಲಿವರು ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ತೆಂಗಿನಕಾಯಿ ಗಾತ್ರದ ಒಂದು ಹಳದಿ ಬಟ್ಟೆಯ ಗಂಟು. ಒಳಗೆ ಮನೆದೇವರ ಬಂಡಾರದ ಅರಿಶಿನ, ಜೊತೆಗೆ ಇನ್ನೇನೇನೋ. ಗಾಡಿಗೆ ಪೂಜೆ ಮಾಡಿಸಿದ ದಿನ ತಿಪ್ಪೇಶನ ತಾಯಿ ಸಣ್ಣಮ್ಮ ಕಟ್ಟಿದ್ದಂತೆ. ಆ ಲಿವರನ್ನು ಮಗ ಯಾವತ್ತೂ ಮುಟ್ಟಿದ್ದು ನೋಡಿರಲಿಲ್ಲ, ಕೆಲಸಕ್ಕೆ ಬಾರದ್ದು ಎಂದುಕೊಂಡಿದ್ದಳು. ಅವನಿಗೂ ಅಷ್ಟೇ, ಮಾರಿದವನು ಅದರ ಬಗ್ಗೆ ಏನೂ ಹೇಳಿರಲಿಲ್ಲ. ಅದು ನ್ಯೂಟ್ರಲ್‌ಗೆ ಬಂದರೆ ಎಚ್ಚರಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ದೀಪ ಇತ್ತು, ಅದು ಯಾವ ಕಾಲದಲ್ಲೋ ಸುಟ್ಟುಹೋಗಿತ್ತು.

ಗಂಟು ಬಿಚ್ಚಬೇಕು ಎಂದೆ. ತಿಪ್ಪೇಶ ಹಿಂದೆ ಸರಿದ. ‘ಸೂತಕ ಐತೆ ಅಣ್ಣ, ನಾವ್ಯಾರೂ ಮುಟ್ಟಂಗಿಲ್ಲ. ತಿಥಿ ಆಗ್ಲಿ, ನಮ್ಮವ್ವ ಬಂದು ಬಿಚ್ಕೊತಾಳೆ. ಅವತ್ತಿಂದ ಯಾರೂ ಕೈಯಿಕ್ಕಿಲ್ಲ ಅದ್ಕೆ.’ ಆಮೇಲೆ ಗಂಟನ್ನೇ ನೋಡುತ್ತ ಹೇಳಿದ: ‘ನಮ್ಮಪ್ಪ ಕೊನೇಗಂಟ ಅದ್ನ ಬುಡ್ಲಿಲ್ಲ. ಗಾಡಿ ಹತ್ತುಸ್ವಾಗ ನಮ್ಮವ್ವ, ದೇವ್ರನ್ನ ಇಡ್ಕೊಂಡಿರು, ಬುಡಬ್ಯಾಡ ಅಂದಿದ್ಳು. ಇಡ್ಕೊಂಡೇ ಇದ್ದ. ನೋವು ಜಾಸ್ತಿ ಆದಂಗೆಲ್ಲ ಎಳ್ದು ಕಣ್ಣಿಗೆ ಒತ್ಕೊಳಾಕೆ ನೋಡ್ತಿದ್ದ. ನಮ್ಮವ್ವಂಗೆ ಅದೊಂದೇ ಸಮಾಧಾನ ಈಗ.’

ತಿಥಿ ಮುಗಿಸಿಕೊಂಡು ಬಾ ಎಂದು ಅವನನ್ನು ಕಳಿಸಿದೆ.

ಅವನು ಹೋದ ಮೇಲೆ ಗಾಡಿಯ ಕೆಳಗೆ ಮಲಗಿ ನುಸುಳಿದೆ. ಚಿಕ್ಕ ಲಿವರಿನ ಕೆಳತುದಿ ಟ್ರಾನ್ಸ್‌ಫರ್ ಕೇಸಿನ ಒಂದು ಸರಳನ್ನು ಹಿಡಿದಿರುತ್ತದೆ, ಮೇಲೆ ಮುಟ್ಟದಿದ್ದರೂ ಕೆಳಗಿನಿಂದ ಅದು ಎಲ್ಲಿ ನಿಂತಿದೆ ಎಂದು ನೋಡಬಹುದು. ಟಾರ್ಚು ಬಿಟ್ಟೆ. ಸರಳು ನಡುವೆ ನಿಂತಿತ್ತು. ಹೆಬ್ಬೆರಳಿನಿಂದ ಒತ್ತಿದೆ. ಅದು ಜಾಗ ಬಿಟ್ಟು ಕದಲದಂತೆ ಒಳಗೊಂದು ಸ್ಪ್ರಿಂಗೂ ಒಂದು ಗುಂಡೂ ಹಿಡಿದಿರುತ್ತವೆ, ಬಲವಾಗಿ ತಳ್ಳದೆ ಹೋಗಬಾರದು. ಇದು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಮುಂದಕ್ಕೆ ಹೋಯಿತು. ಸ್ಪ್ರಿಂಗ್ ಪೂರ್ತಿ ಸೋತಿತ್ತು.

‘ಭಾಯ್, ಗಂಟು ತಾನೇ ಅಲ್ಲಾಡ್ತು’ ಎಂದ ಒಳಗೆ ಕೂತಿದ್ದ ರಫೀಕ್.

‘ಡಿ ಗೆ ಹಾಕಿ ನೋಡು’ ಎಂದು ಹೊರಗೆ ಬಂದೆ. ಅವನು ಡ್ರೈವಿಗೆ ಹಾಕಿ ಬ್ರೇಕ್ ಬಿಟ್ಟ. ಗಾಡಿ ಮೆತ್ತಗೆ ಮುಂದೆ ಹೊರಟಿತು. ಎಂಥ ಕಾಯಿಲೆಯೂ ಇಲ್ಲದ ಗಾಡಿ. ಶೆಡ್ಡಿನ ಗೋಡೆಯ ತನಕ ಹೋಗಿ ನಿಂತಿತು. ದೋಷ ಸಿಕ್ಕಾಗ ನನಗೆ ಯಾವತ್ತೂ ಒಂದು ಖುಷಿ ಆಗುತ್ತಿತ್ತು, ಮುದುಕನಾದರೂ ಅದು ಹೋಗಿರಲಿಲ್ಲ. ಆ ದಿನ ಆಗಲಿಲ್ಲ. ಈರಣ್ಣ ನೋವಿನಲ್ಲಿ ದೇವರನ್ನು ಕಣ್ಣಿಗೆ ಒತ್ತಿಕೊಳ್ಳಲು ಎಳೆದಿದ್ದರು. ಗಂಟಿನ ಜೊತೆ ಲಿವರು ಬಂದಿತ್ತು. ಮಗ ಪಕ್ಕದಲ್ಲೇ ಕೂತು ಆಕ್ಸಿಲರೇಟರ್ ತುಳಿಯುತ್ತಿದ್ದ. ಒಂದು ಬೆರಳಿನಿಂದ ಮುಂದಕ್ಕೆ ತಳ್ಳಿದ್ದರೆ ಗಾಡಿ ಹೋಗುತ್ತಿತ್ತು.

‘ಇದನ್ನ ಅವ್ರಿಗೆ ಹೇಳ್ತೀರಾ?’ ಎಂದ ರಫೀಕ್. ‘ಗೇರ್‌ಬಾಕ್ಸ್ ಅಂದ್ಬುಡೋಣ ಭಾಯ್. ಬೇಚಾರಿ, ಆ ಅಮ್ಮನ ಗತಿ ಏನು?’

‘ಗೇರ್‌ಬಾಕ್ಸ್ ಅಂದ್ರೆ ಮಗನ ಗತಿ ಏನಯ್ಯ?’ ಎಂದು ರೇಗಿದೆ. ಪಾಪ, ಅವನ ಮೇಲೆ ರೇಗಿ ಏನು ಪ್ರಯೋಜನ. ಗೇರ್‌ಬಾಕ್ಸ್ ಕೆಟ್ಟಿತ್ತು ಅಂದರೆ ಗುಜರಿ ಗಾಡಿ ತಂದು ಅಪ್ಪನನ್ನು ಕೊಂದ ಎಂಬ ಮಾತು ತಿಪ್ಪೇಶನ ಹಣೆಗೆ ಅಂಟಿಕೊಳ್ಳುತ್ತದೆ. ಗಂಟು ಅಂದರೆ ತಾಯಿಗೆ ಉಳಿದಿದ್ದ ಒಂದೇ ಸಮಾಧಾನವನ್ನೂ ಕಿತ್ತುಕೊಂಡ ಹಾಗೆ. ಬಹಳ ಯೋಚಿಸಿ, ಒಳಗಿನ ಒಂದು ಸಣ್ಣ ಸ್ಪ್ರಿಂಗ್ ಸೋತಿತ್ತು, ಹೊರಗಿನಿಂದ ಯಾರಿಗೂ ತಿಳಿಯುವಂಥದ್ದಲ್ಲ, ಎಂದಷ್ಟೇ ಹೇಳುವುದು ಎಂದು ತೀರ್ಮಾನಿಸಿದೆ. ಸುಳ್ಳೂ ಅಲ್ಲ. ರಫೀಕ್ ಶಿರಾದ ಹಳೇ ಸಾಮಾನಿನ ಅಂಗಡಿಯಿಂದ ಅಂಥದೇ ಗಾಡಿಯ ಸ್ಪ್ರಿಂಗೊಂದನ್ನು ಹುಡುಕಿ ತಂದ. ಗಂಟು ಬಿಚ್ಚಿದ ಮೇಲೆ ಹಾಕೋಣ ಎಂದು ಎತ್ತಿಟ್ಟೆ.

ತಿಥಿ ಕಳೆದ ಮೇಲೆ ಮೂವರು ಬಂದರು. ತಲೆ ಬೋಳಿಸಿಕೊಂಡಿದ್ದ ತಿಪ್ಪೇಶ, ಅವನ ಚಿಕ್ಕಪ್ಪ, ಮತ್ತು ಸಣ್ಣಮ್ಮ. ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು. ಬಂದವಳೇ ಕೈಕಾಲು ತೊಳೆಯಲು ನೀರು ಕೇಳಿದಳು. ಚಿಕ್ಕಪ್ಪ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ‘ಇದ್ನ ತೂಕಕ್ಕೆ ಆಕ್ಬುಟ್ಟು ಕೈ ತೊಳ್ಕೊಳದು ವಾಸಿ’ ಎಂದ. ತಿಪ್ಪೇಶ ತಲೆ ಎತ್ತಲಿಲ್ಲ.

‘ಗಾಡಿಗೆ ಏನೂ ಆಗಿಲ್ಲ. ಒಂದು ಸಣ್ಣ ಸ್ಪ್ರಿಂಗ್ ಹೋಗಿತ್ತು ಅಷ್ಟೇ. ನಿಧಾನಕ್ಕೆ ಹೊರಗೆ ತಗೋ, ಓಡುತ್ತೆ’ ಎಂದೆ ನಾನು. ಅವನು ಹತ್ತಿ ಕೂತು ಸ್ಟಾರ್ಟ್ ಮಾಡಿದ. ಗಾಡಿ ಶೆಡ್ಡಿನಿಂದ ಅಂಗಳಕ್ಕೆ ಬಂತು. ಅವನ ಮುಖದಲ್ಲಿ ನಂಬಿಕೆಯೇ ಇರಲಿಲ್ಲ. ನಿಲ್ಲಿಸಿ, ಕಿಟಕಿಯಿಂದ ನನ್ನನ್ನು ಕೇಳಿದ: ‘ಒಂದ್ ಮಾತು ಯೋಳಿ ಅಣ್ಣ. ಅವತ್ತು ಅಲ್ಲಿ ನಾನು ಏನಾರ ಮಾಡಿದ್ರೆ ಗಾಡಿ ಒಲ್ಡೋದಾ?’

ನಾನು ಕಿಟಕಿಯ ಹತ್ತಿರ ಹೋದೆ.

ಅಷ್ಟರಲ್ಲಿ ಸಣ್ಣಮ್ಮ ಆ ಕಡೆಯ ಬಾಗಿಲು ತೆಗೆದು ಗಂಡ ಕೂತಿದ್ದ ಸೀಟಿನಲ್ಲಿ ಕೂತಿದ್ದಳು. ಬಿಚ್ಚುವ ಮುಂಚೆ ದೇವರಿಗೆ ಕೈಮುಗಿದು, ಎರಡೂ ಕೈಯಲ್ಲಿ ಗಂಟನ್ನು ಹಿಡಿದು, ಬಗ್ಗಿ, ಕಣ್ಣಿಗೆ ಒತ್ತಿಕೊಳ್ಳಲು ತನ್ನ ಕಡೆಗೆ ಎಳೆದುಕೊಂಡಳು. ನಾನು ‘ತಾಯಿ’ ಎಂದು ಕೂಗುವುದಕ್ಕೂ, ಗಾಡಿ ನೆರಳಿಗೆ ಹಾಕೋಣವೆಂದು ತಿಪ್ಪೇಶ ಆಕ್ಸಿಲರೇಟರ್ ತುಳಿಯುವುದಕ್ಕೂ ಸರಿಹೋಯಿತು. ಎಂಜಿನ್ ಅರಚಿತು. ಗಾಡಿ ಕದಲಲಿಲ್ಲ.

ತಿಪ್ಪೇಶನ ಕಾಲು ತಾನಾಗಿ ಪೆಡಲಿನಿಂದ ಮೇಲೆದ್ದಿತು. ಆ ಶಬ್ದ ಅವನಿಗೆ ಗೊತ್ತಿತ್ತು. ಅವನು ಮೊದಲು ನನ್ನನ್ನು ನೋಡಿದ, ಆಮೇಲೆ ಅವ್ವನ ಕೈಯನ್ನು ನೋಡಿದ. ಸಣ್ಣಮ್ಮ ಕೂಡ ತನ್ನ ಕೈಯನ್ನೇ ನೋಡುತ್ತಿದ್ದಳು. ಗಂಟು ಅವಳ ಎದೆಯ ಹತ್ತಿರ ಇತ್ತು, ಅದರ ಕೆಳಗೆ ವಾಲಿದ ಕಪ್ಪು ಕಡ್ಡಿ ಕಾಣುತ್ತಿತ್ತು.

‘ಈ ಕಡ್ಡಿ ಏನ್ ಮಾಡ್ತದಪ್ಪ?’ ಎಂದಳು.

ಇನ್ನು ಸ್ಪ್ರಿಂಗಿನ ಕತೆ ಹೇಳಿ ಪ್ರಯೋಜನವಿರಲಿಲ್ಲ. ‘ಮುಂದಿದ್ರೆ ಗಾಡಿ ಓಡುತ್ತೆ ತಾಯಿ. ಹಿಂದಕ್ಕೆ ಬಂದ್ರೆ ಓಡಲ್ಲ’ ಎಂದೆ.

‘ತಿರ್ಗಾ ಮುಂದಕ್ಕೆ ತಳ್ಳಿದ್ರೆ?’

‘ಓಡುತ್ತೆ.’

ಅವಳು ಅಳಲಿಲ್ಲ. ಗಂಟನ್ನು ಬಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಬಂಡಾರದ ಹಳದಿ ಸೆರಗಿಗೆ ಹತ್ತಿತು. ‘ಕಟ್ಟಿದ್ದೂ ನಾನೇಯ. ಇಡ್ಕೊ, ಬುಡಬ್ಯಾಡ ಅಂತ ಯೋಳಿದ್ದೂ ನಾನೇಯ’ ಎಂದಳು. ಯಾರಿಗೂ ಅಲ್ಲ, ಎದುರಿನ ಗಾಜಿಗೆ ಹೇಳಿದಂತೆ ಹೇಳಿದಳು. ‘ನನ್ ಮಾತು ಯಾವತ್ತೂ ಕೇಳ್ದೋನಲ್ಲ. ಅವತ್ತೊಂದಿನ ಕೇಳ್ಬುಟ್ಟ.’

‘ಸ್ಪ್ರಿಂಗ್ ಸರಿ ಇದ್ದಿದ್ರೆ ನೀವು ಎಷ್ಟು ಎಳೆದ್ರೂ ಬರ್ತಿರ್ಲಿಲ್ಲ ತಾಯಿ, ನಿಮ್ಮದು ಎಂಥದ್ದೂ ತಪ್ಪಿಲ್ಲ’ ಎಂದೆ. ಅವಳು ನನ್ನನ್ನು ನೋಡಿದಳು. ‘ಒಳ್ಳೇ ಮಾತಾಡ್ತೀಯ ಕಣಪ್ಪ’ ಎಂದಳು ಅಷ್ಟೇ.

ಆಮೇಲೆ ಇಳಿದು ಮೈದುನನ ಎದುರು ಹೋಗಿ ನಿಂತಳು. ‘ಕೇಳುಸ್ಕೊಂಡ್ಯಾ? ನನ್ ಮಗಂದು ಗುಜರಿ ಗಾಡಿ ಅಲ್ಲ. ಅವ್ನು ತಿಂದಿಲ್ಲ ನಿಮ್ಮಣ್ಣನ್ನ. ಊರಾಗೆ ಯಾರಾರ ಕೇಳಿದ್ರೆ ನನ್ ಹೆಸ್ರು ಯೋಳು.’ ಆ ಮನುಷ್ಯ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಳ್ಳುತ್ತ ‘ಅಂಗನ್ಬ್ಯಾಡ ಅತ್ಗೆ’ ಎಂದ.

ತಿಪ್ಪೇಶ ಕುಂಟುತ್ತ ಬಂದು ಅವಳ ತೋಳು ಹಿಡಿದುಕೊಂಡ. ‘ಅವ್ವ, ನಾ ಪಕ್ಕದಾಗೇ ಇದ್ನಲ್ಲವ್ವ, ನಂಗೇ ಕಾಣ್ನಿಲ್ಲ. ನೀನ್ಯಾಕೆ ಅಂಗಂತೀಯ?’

‘ಸುಮ್ಕಿರ್ಲಾ. ನಿಂಗೆ ಮಕ್ಳವೆ, ನೀನು ಇನ್ನೂ ಬದುಕ್ಬೇಕು. ಇದು ನಂಗಿರ್ಲಿ’ ಎಂದಳು. ಅವನು ಅವಳ ಹೆಗಲ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತ. ಅಪ್ಪ ಹೋದಾಗಿನಿಂದ ಅತ್ತಿರಲಿಲ್ಲವಂತೆ, ಆಮೇಲೆ ಚಿಕ್ಕಪ್ಪನೇ ಹೇಳಿದ. ರಫೀಕ್ ಶೆಡ್ಡಿನೊಳಗೆ ಹೋಗಿ ಯಾವುದೋ ಸ್ಪ್ಯಾನರು ಹುಡುಕುತ್ತ ನಿಂತ. ನಾನೂ ಅವನ ಹಿಂದೆ ಹೋದೆ.

ಗಂಟನ್ನು ಅವಳೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಬೇವಿನ ಮರದ ಕೆಳಗೆ ಕೂತಳು. ನಾನು ಹೊಸ ಸ್ಪ್ರಿಂಗ್ ಹಾಕಿದೆ, ಡ್ಯಾಶ್‌ಬೋರ್ಡಿನ ದೀಪವನ್ನೂ ಬದಲಿಸಿದೆ. ಈಗ ಲಿವರು ಕದಲಿಸಬೇಕಾದರೆ ತೋಳಿನ ಬಲ ಬೇಕಿತ್ತು. ತಿಪ್ಪೇಶನನ್ನು ಕೂರಿಸಿ ಎಲ್ಲವನ್ನೂ ತೋರಿಸಿಕೊಟ್ಟೆ, ಅವನ ಕೈಯಲ್ಲೇ ಹಿಂದೆ ಮುಂದೆ ಮಾಡಿಸಿದೆ.

ಹೊರಡುವ ಹೊತ್ತಿಗೆ ಸಣ್ಣಮ್ಮ ಗಂಟನ್ನು ಹಿಡಿದು ಗಾಡಿಯ ಹತ್ತಿರ ಬಂದಳು. ಮನೆಗೆ ತೆಗೆದುಕೊಂಡು ಹೋಗಿ ದೇವರ ಗೂಡಿನಲ್ಲಿ ಇಡುತ್ತಾಳೆ, ಇಲ್ಲವೇ ನೀರಿಗೆ ಬಿಡುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಬಾಗಿಲು ತೆಗೆದು ಒಳಗೆಲ್ಲ ನೋಡಿ ನನ್ನನ್ನು ಕರೆದಳು.

‘ಎಲ್ಲಿ ಕಟ್ಟಿದ್ರೆ ಯಾವ್ದೂ ಅಲ್ಲಾಡಲ್ಲ, ತೋರ್ಸಪ್ಪ.’

ಇಷ್ಟು ವರ್ಷಗಳ ಕಸುಬಿನಲ್ಲಿ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆ ಗಾಡಿಗೆ ಏನಾದರೊಂದು ಕಟ್ಟದ ಮನೆ ಇಲ್ಲ. ನಿಂಬೆಹಣ್ಣು, ಕರಿದಾರ, ಕವಡೆ, ದರ್ಗಾದ ಹಸಿರು ಬಟ್ಟೆ. ಅವನ್ನೆಲ್ಲ ಪಕ್ಕಕ್ಕೆ ಸರಿಸಿ ಕೆಲಸ ಮಾಡಿ, ಮತ್ತೆ ಅಲ್ಲೇ ಇಟ್ಟು ಕೀ ಕೊಡುತ್ತಿದ್ದೆ. ಎಡ ಬಾಗಿಲಿನ ಮೇಲೆ, ಹತ್ತುವಾಗ ಹಿಡಿದುಕೊಳ್ಳಲು ಒಂದು ಹಿಡಿ ಇರುತ್ತದೆ. ಅದನ್ನು ಎರಡು ಬೋಲ್ಟು ಹಾಕಿ ಬಿಗಿದಿರುತ್ತಾರೆ, ಮನುಷ್ಯ ಜೋತುಬಿದ್ದರೂ ಏನಾಗದು. ಅದನ್ನು ತೋರಿಸಿದೆ. ಅವಳು ಮೊದಲು ಹಿಡಿಯನ್ನು ಎರಡು ಕೈಯಿಂದ ಜಗ್ಗಿ ನೋಡಿದಳು, ಆಮೇಲೆ ಗಂಟು ಕಟ್ಟಿದಳು. ಕೂತವರ ಕೈಗೆ ಸಿಗುವಷ್ಟು ಕೆಳಗೆ ಬಿಟ್ಟು ಕಟ್ಟಿದಳು.

ಆಮೇಲೆ ಕೂಡ ನಾನು ಬಹಳ ಗಾಡಿಗಳನ್ನು ನೋಡಿದೆ. ಈಗ ಗ್ಯಾರೇಜು ರಫೀಕನ ಕೈಯಲ್ಲಿದೆ, ನಾನು ಹೋಗಿ ಕೂತು ಬೈಯುವುದಷ್ಟೇ ಕೆಲಸ. ಕೀ ಕೊಡುವ ಮುಂಚೆ ಯಾವುದಕ್ಕೆ ಏನು ಕಟ್ಟಿದ್ದಾರೆ ಎಂದು ನೋಡದೆ ಗಾಡಿ ಬಿಡಬೇಡ ಎಂದು ಅವನಿಗೆ ಹೇಳಿದ್ದೇನೆ. ಬಿಚ್ಚಿ ಎಂದು ಯಾರಿಗೂ ಹೇಳುವುದಿಲ್ಲ. ಅಲ್ಲಾಡದ ಜಾಗ ತೋರಿಸುತ್ತೇವೆ. ಯಂತ್ರದ ದೋಷ ಹುಡುಕುವುದನ್ನು ನನಗೆ ವರ್ಕ್‌ಶಾಪಿನಲ್ಲಿ ಕಲಿಸಿದರು. ಹುಡುಕಿದ್ದನ್ನು ಬಾಯಿಬಿಟ್ಟು ಹೇಳಿದ ಕೂಡಲೇ ಅದನ್ನು ಮನುಷ್ಯರೊಬ್ಬರು ಹೊರಬೇಕಾಗುತ್ತದೆ ಎಂಬುದನ್ನು ಕಲಿತದ್ದು ಆ ದಿನ. ಯಾರು ಹೊರಬೇಕೆಂದು ನಾನು ಲೆಕ್ಕ ಹಾಕುತ್ತ ಕೂತಿದ್ದೆ, ಅವಳು ನನ್ನನ್ನು ಕೇಳದೆಯೇ ಎತ್ತಿಕೊಂಡಳು.

ಅವತ್ತು ಗಾಡಿ ರಸ್ತೆಗೆ ಇಳಿಯುವಾಗ ನಾನು ಗೇಟಿನ ಹತ್ತಿರ ನಿಂತಿದ್ದೆ. ತಿಪ್ಪೇಶ ನಿಧಾನವಾಗಿ ಓಡಿಸುತ್ತಿದ್ದ. ಪಕ್ಕದ ಸೀಟಿನಲ್ಲಿ ಸಣ್ಣಮ್ಮ. ಅವಳ ಮುಖದ ಹತ್ತಿರವೇ ಹಳದಿ ಗಂಟು ತೂಗಾಡುತ್ತಿತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಸೇರಿಸಿ ಬಿಗಿಯಾಗಿ ಹಿಡಿದುಕೊಂಡಿದ್ದಳು.